5 ಜನ, 11 ವಾರ, ಒಂದು ಟೀಮ್ ಪ್ರಾಜೆಕ್ಟ್: ಈ ಪ್ಲಾನ್ ನಡೆಯುತ್ತಾ?

ಅರ್ಧವಿರಾಮ
ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನಲ್ಲಿ ನಮಗೆ ಸಾಫ್ಟ್‌ವೇರ್ ಟೀಮ್ ಪ್ರಾಜೆಕ್ಟ್ ಇದೆ. ಟೀಮಿನಲ್ಲಿ 5 ಜನ. ಒಟ್ಟು 12 ವಾರ ಇತ್ತು, ವಿಷಯ ಆರಿಸುವುದರಲ್ಲೇ 1 ವಾರ ಹೋಯಿತು. ಕೊನೆಗೆ ಲ್ಯಾಬ್ ಉಪಕರಣಗಳ ಬುಕಿಂಗ್ ಅಂತ ತೀರ್ಮಾನ ಆಗಿದೆ. ಆಸಿಲೋಸ್ಕೋಪ್, ಕ್ಯಾಮೆರಾ, ಸೆನ್ಸರ್ ಕಿಟ್ ಇಂಥವನ್ನು ವಿದ್ಯಾರ್ಥಿಗಳು ಮೊದಲೇ ಬುಕ್ ಮಾಡಿ, ತೆಗೆದುಕೊಂಡು ಹೋಗಿ, ವಾಪಸ್ ಕೊಡಬೇಕು. ಈಗ ಅದೆಲ್ಲ ಒಂದು ರಿಜಿಸ್ಟರ್‌ನಲ್ಲಿ ಪೆನ್ನಿನಲ್ಲಿ ಬರೆದು ನಡೆಯುತ್ತಿದೆ.

ಮೊದಲ ಮೀಟಿಂಗ್‌ಗೆ ನಾನು 10 ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ನನ್ನನ್ನೇ ಲೀಡರ್ ಮಾಡಿ ಮುಗಿಸಿದ್ದರು.

ನನ್ನ ಪ್ಲಾನ್ ಹೀಗಿದೆ. ಏನೇನು ಬೇಕು ಅಂತ ಬರೆಯಲು 2 ವಾರ, ಡಿಸೈನ್‌ಗೆ 2, ಕೋಡಿಂಗ್‌ಗೆ 4, ಜೋಡಿಸಿ ಟೆಸ್ಟ್ ಮಾಡಲು 2, ರಿಪೋರ್ಟ್‌ಗೆ 1. ಒಬ್ಬನಿಗೆ ಫ್ರಂಟ್‌ಎಂಡ್ (ಕಣ್ಣಿಗೆ ಕಾಣುವ ಸ್ಕ್ರೀನ್‌ಗಳು), ಒಬ್ಬಳಿಗೆ ಬ್ಯಾಕ್‌ಎಂಡ್ (ಹಿಂದೆ ಸರ್ವರ್‌ನಲ್ಲಿ ಓಡುವ ಕೋಡ್), ನನಗೆ ಡೇಟಾಬೇಸ್, ಒಬ್ಬಳಿಗೆ ಟೆಸ್ಟಿಂಗ್. ಐದನೆಯವನು "ನನಗೆ ಕೋಡಿಂಗ್ ಬರಲ್ಲ, ಡಾಕ್ಯುಮೆಂಟ್ ನಾನು ನೋಡ್ಕೋತೀನಿ" ಅಂದ. ಬರೆದಿಟ್ಟುಕೊಂಡಿರುವ ಸ್ಕ್ರೀನ್‌ಗಳು ಒಟ್ಟು 15.

ಇದು ಸರಿ ಇದೆಯಾ? ಎಲ್ಲಿ ಎಡವುತ್ತೇವೆ ಅಂತ ಅನುಭವ ಇರುವವರು ಈಗಲೇ ಹೇಳಿಬಿಡಿ.

ಬಗ್ಗುಬಡಿ
10 ನಿಮಿಷ ತಡವಾಗಿ ಹೋದಾಗಲೇ ಎಡವಿದ್ದೀರಿ. ಮಿಕ್ಕಿದ್ದು ಬರೀ ವಿವರ.

ಹಳೇ ಕೋಡು
ಕೆಲಸ ಹಂಚಿರುವ ರೀತಿ ನೋಡಿಯೇ ಭಯ ಆಯಿತು. ನಾವೂ ಹೀಗೇ ಹಂಚಿಕೊಂಡಿದ್ದೆವು. ಫ್ರಂಟ್‌ಎಂಡ್ ಒಬ್ಬನಿಗೆ, ಬ್ಯಾಕ್‌ಎಂಡ್ ಒಬ್ಬಳಿಗೆ, ಡೇಟಾಬೇಸ್ ಇನ್ನೊಬ್ಬನಿಗೆ. ವಾರ ವಾರವೂ ಎಲ್ಲರ ಬಾಯಲ್ಲಿ "ನಂದು 80 ಪರ್ಸೆಂಟ್ ಆಗಿದೆ" ಅನ್ನುವ ಮಾತು. ಕೊನೆಗೆ ಒಂದು ದಿನ ಜೋಡಿಸಲು ಕೂತೆವು.

ಫ್ರಂಟ್‌ಎಂಡ್ ಹುಡುಗ ತಾರೀಖನ್ನು ದಿನ-ತಿಂಗಳು-ವರ್ಷ ಅಂತ ಕಳಿಸುತ್ತಿದ್ದ. ಬ್ಯಾಕ್‌ಎಂಡ್ ಅದನ್ನು ತಿಂಗಳು-ದಿನ-ವರ್ಷ ಅಂತ ಓದುತ್ತಿತ್ತು. ಮಜಾ ಏನು ಗೊತ್ತಾ? ತಿಂಗಳ 12ನೇ ತಾರೀಖಿನವರೆಗೆ ಎರರ್ ಬರಲೇ ಇಲ್ಲ. 4ನೇ ತಿಂಗಳ 5ನೇ ತಾರೀಖು ಸುಮ್ನೆ 5ನೇ ತಿಂಗಳ 4 ಆಗಿ ಕೂತಿತ್ತು. 13ನೇ ತಾರೀಖಿನ ಎಂಟ್ರಿ ಹಾಕಿದಾಗಲೇ ಸರ್ವರ್ ಬಿದ್ದಿದ್ದು. ಅಷ್ಟರಲ್ಲಿ ಟೇಬಲ್‌ನಲ್ಲಿ ಯಾವುದು ಸರಿ ತಾರೀಖು, ಯಾವುದು ತಲೆಕೆಳಗಾದದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

ತಪ್ಪು ಅವನ ಕೋಡಿನಲ್ಲೂ ಇರಲಿಲ್ಲ, ಅವಳ ಕೋಡಿನಲ್ಲೂ ಇರಲಿಲ್ಲ. ಇಬ್ಬರ ನಡುವಿನ ಜಾಗದಲ್ಲಿತ್ತು. ಆ ಜಾಗವನ್ನು ನಮ್ಮ ಪ್ಲಾನ್‌ನಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ನಿಮ್ಮ ಪ್ಲಾನ್‌ನಲ್ಲೂ ಕೊಟ್ಟಿಲ್ಲ.

ಶೂನ್ಯದಿಂದ ಎಣಿಕೆ
ಸಮಾಧಾನ ಮಾಡ್ಕೊಳ್ಳಿ ಸರ್, ನಾಸಾದವರಿಗೂ ಇದೇ ಆಗಿದೆ. 1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದು ಯಾಕೆ? ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಅದನ್ನು ಬಳಸುತ್ತಿದ್ದವರು ನ್ಯೂಟನ್ ಅಂತ ತಿಳಿದಿದ್ದರು. ನಿಮ್ಮದು ಬರೀ ತಾರೀಖು.

ಅರ್ಧವಿರಾಮ
@ಹಳೇ ಕೋಡು ಹಾಗಾದರೆ ಹೇಗೆ ಹಂಚಬೇಕು?

ಹಳೇ ಕೋಡು
ಪದರ ಪದರವಾಗಿ ಅಲ್ಲ, ಮೇಲಿಂದ ಕೆಳಗಿನವರೆಗೆ ಉದ್ದುದ್ದ ತುಂಡು ಮಾಡಿ. "ಉಪಕರಣದ ಪಟ್ಟಿ ತೋರಿಸು" ಒಂದು ತುಂಡು. ಅದಕ್ಕೆ ಒಂದು ಸ್ಕ್ರೀನ್, ಒಂದು ಯುಆರ್‌ಎಲ್, ಒಂದು ಟೇಬಲ್ ಸಾಕು. "ಬುಕ್ ಮಾಡು" ಎರಡನೇ ತುಂಡು. "ವಾಪಸ್ ಬಂತು ಅಂತ ಗುರುತು ಹಾಕು" ಮೂರನೆಯದು. ಒಂದೊಂದನ್ನೂ ಇಬ್ಬರು ಸೇರಿ ಮಾಡಿ ಮುಗಿಸಿ.

ಮೊದಲ ತುಂಡು ಎಷ್ಟು ಸಣ್ಣದಿರಬೇಕು ಅಂದರೆ ನಾಚಿಕೆ ಆಗಬೇಕು. ಟೇಬಲ್‌ನಲ್ಲಿ ಒಂದೇ ಒಂದು ಕ್ಯಾಮೆರಾ, ಸ್ಕ್ರೀನ್ ಮೇಲೆ ಅದರ ಹೆಸರು. ಲಾಗಿನ್ ಬೇಡ, ಬಣ್ಣ ಬೇಡ. ಆದರೆ ಅದು ನಿಮ್ಮ 5 ಲ್ಯಾಪ್‌ಟಾಪ್‌ನಲ್ಲೂ ಓಡಬೇಕು, ಹೊರಗಿನ ಸರ್ವರ್‌ನಲ್ಲೂ ಓಡಬೇಕು. ಅದನ್ನು 2ನೇ ವಾರದೊಳಗೆ ಮಾಡಿ.

ನಡುರಾತ್ರಿ ಕಮಿಟ್
ಇದನ್ನು ಒಪ್ಪಲ್ಲ. ಫ್ರಂಟ್‌ಎಂಡ್ ಅನ್ನೋದೇ ಒಂದು ಕಸುಬು. 11 ವಾರದಲ್ಲಿ 5 ಜನಕ್ಕೂ ಸ್ಕ್ರೀನ್ ಅಂದ ಮಾಡುವ ಸಿಎಸ್‌ಎಸ್ ಕಲಿಸಿ, 5 ಜನಕ್ಕೂ ಡೇಟಾಬೇಸ್ ಭಾಷೆ ಎಸ್‌ಕ್ಯುಎಲ್ ಕಲಿಸಿ, ಆಮೇಲೆ ಪ್ರಾಜೆಕ್ಟ್ ಮಾಡೋದು ಯಾವಾಗ? ಯಾರಿಗೆ ಏನು ಬರುತ್ತೋ ಅದನ್ನು ಕೊಡಿ. ನಮ್ಮ ಟೀಮಿನಲ್ಲಿ ನಾನೊಬ್ಬನೇ ಬ್ಯಾಕ್‌ಎಂಡ್ ಪೂರ್ತಿ ಬರೆದೆ, 3 ರಾತ್ರಿಯಲ್ಲಿ. ಎಲ್ಲ ಸಲೀಸಾಗಿ ನಡೆಯಿತು.

ಬಗ್ಗುಬಡಿ
ನಿಮ್ಮ ಟೀಮಿನ ಮಿಕ್ಕವರ ಹತ್ತಿರ ಕೇಳಿದರೂ "ಸಲೀಸಾಗಿ ನಡೆಯಿತು" ಅಂತಾರಾ?

ನಡುರಾತ್ರಿ ಕಮಿಟ್
ಮಾರ್ಕ್ಸ್ ಬಂತಲ್ಲ, ಮತ್ತೇನು ಬೇಕು.

ಹೊಸ ಸಾಲು
ಅಂಥ ಟೀಮಿನ "ಮಿಕ್ಕವರಲ್ಲಿ" ಒಬ್ಬಳು ನಾನು. ಡೆಮೊ ದಿನ ನಮ್ಮ ಹೀರೋಗೆ ಜ್ವರ. ಲ್ಯಾಪ್‌ಟಾಪ್ ಕಳಿಸಿದ, ಪಾಸ್‌ವರ್ಡ್ ಕೂಡ ಕಳಿಸಿದ. ಸರ್ವರ್ ಶುರು ಮಾಡೋದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 20 ನಿಮಿಷ ಖಾಲಿ ಪರದೆ ಮುಂದೆ ನಿಂತಿದ್ದೆವು. ಹೇಗೆ ಓಡಿಸಬೇಕು ಅಂತ ರೀಡ್‌ಮೀ ಫೈಲ್‌ನಲ್ಲಿ 4 ಸಾಲು ಇದ್ದಿದ್ದರೆ ಸಾಕಿತ್ತು.

ನಡುರಾತ್ರಿ ಕಮಿಟ್
ಸರಿ, ಅದು ತಪ್ಪು. ಒಪ್ಪಿದೆ. ಆದರೂ ಎಲ್ಲರೂ ಎಲ್ಲ ಮಾಡಬೇಕು ಅನ್ನೋದು ಅತಿ.

ಹಳೇ ಕೋಡು
ಎಲ್ಲರೂ ಎಲ್ಲ ಮಾಡಬೇಕು ಅಂತ ನಾನು ಹೇಳಿಲ್ಲ. ಒಂದು ತುಂಡಿಗೆ ಇಬ್ಬರು. ಒಬ್ಬರಿಗೆ ಸ್ಕ್ರೀನ್ ಚೆನ್ನಾಗಿ ಬರಲಿ, ಇನ್ನೊಬ್ಬರಿಗೆ ಸರ್ವರ್. ಪಕ್ಕಪಕ್ಕ ಕೂತು ಮಾಡಿದರೆ ತಾರೀಖಿನ ಗೊಂದಲ 5 ನಿಮಿಷದಲ್ಲಿ ಹೊರಗೆ ಬರುತ್ತದೆ. ಪದರಗಳಾಗಿಯೇ ಹಂಚಲೇಬೇಕು ಅಂದರೆ ಮೊದಲ ದಿನವೇ ಎರಡು ಕಡೆಯವರೂ ಕೂತು ಯಾವ ಯುಆರ್‌ಎಲ್, ಏನು ಕಳಿಸಬೇಕು, ಏನು ವಾಪಸ್ ಬರುತ್ತದೆ, ಎರರ್ ಆದರೆ ಹೇಗಿರುತ್ತದೆ ಅಂತ ಒಂದು ಪುಟ ಬರೆದುಕೊಳ್ಳಿ. ಬ್ಯಾಕ್‌ಎಂಡ್ ರೆಡಿ ಆಗುವವರೆಗೆ ಫ್ರಂಟ್‌ಎಂಡ್‌ನವನು ಆ ಪುಟದಲ್ಲಿರುವ ಉದಾಹರಣೆಯನ್ನೇ ಸುಳ್ಳು ಉತ್ತರವಾಗಿ ಇಟ್ಟುಕೊಂಡು ಕೆಲಸ ಮಾಡಬಹುದು. ತಾರೀಖು ಮಾತ್ರ ವರ್ಷ-ತಿಂಗಳು-ದಿನ ಅಂತಲೇ ಇರಲಿ, ದಯವಿಟ್ಟು.

ನಡುರಾತ್ರಿ ಕಮಿಟ್
ಇದು ಮಾತು. ಇದನ್ನೇ ಮೊದಲು ಹೇಳಬಹುದಿತ್ತಲ್ಲ.

ಶೂನ್ಯದಿಂದ ಎಣಿಕೆ
ಯಾರೂ ಗಂಟೆ ಲೆಕ್ಕ ಹಾಕಿಲ್ಲ. ನಾನು ಹಾಕ್ತೀನಿ.

ಉಳಿದಿರೋದು 11 ವಾರ. ಪರೀಕ್ಷೆ ಅಂತ 2 ವಾರ ಹೋಗುತ್ತೆ, ಹೋಗಲ್ಲ ಅಂತ ಯಾರೂ ಸುಳ್ಳು ಹೇಳಬೇಡಿ. ಕೊನೆ ವಾರ ಹೊಸ ಕೋಡ್ ಬರೆಯಬಾರದು. ಉಳೀತು 8. ಬೇರೆ ಸಬ್ಜೆಕ್ಟ್‌ಗಳ ನಡುವೆ ಒಬ್ಬರು ವಾರಕ್ಕೆ ನಿಜವಾಗಿ 6 ಗಂಟೆ ಕೊಟ್ಟರೆ ಅದೇ ಜಾಸ್ತಿ. 8 ವಾರ, 5 ಜನ, 6 ಗಂಟೆ: 240 ಗಂಟೆ.

ವಾರಕ್ಕೆ 1 ಗಂಟೆ ಮೀಟಿಂಗ್ ಇಟ್ಟರೆ ಅದು 1 ಗಂಟೆ ಅಲ್ಲ, 5 ಗಂಟೆ. 8 ವಾರಕ್ಕೆ 40. ಉಳೀತು 200. ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿ ಎಲ್ಲರ ಕೋಡ್ ಸೇರಿಸುವ ಸಾಧನ), ಫ್ರೇಮ್‌ವರ್ಕ್ ಕಲಿಯಲು ತಲೆಗೆ 10 ಗಂಟೆ ಅಂದರೆ ಇನ್ನೊಂದು 50 ಕಳೀರಿ. ಕೈಯಲ್ಲಿ 150. ನಿಮ್ಮ 15 ಸ್ಕ್ರೀನ್‌ಗೆ ಹಂಚಿದರೆ ಒಂದಕ್ಕೆ 10 ಗಂಟೆ. ಅದರಲ್ಲೇ ಸ್ಕ್ರೀನ್, ಸರ್ವರ್, ಟೇಬಲ್, ಟೆಸ್ಟ್, ಬಗ್ ಸರಿ ಮಾಡೋದು, ರಿಪೋರ್ಟ್ ಎಲ್ಲ.

15 ಸ್ಕ್ರೀನ್ ಆಗಲ್ಲ. 6 ಆಗಬಹುದು.

ಅರ್ಧವಿರಾಮ
ಈ ಲೆಕ್ಕ ಟೀಮ್ ಗ್ರೂಪ್‌ಗೆ ಹಾಕಿದೆ. ಅರ್ಧ ಗಂಟೆಯಿಂದ ಯಾರೂ ಮಾತಾಡಿಲ್ಲ.

ಬಗ್ಗುಬಡಿ
ಅರ್ಧ ಗಂಟೆ, 5 ಜನ. ಎರಡೂವರೆ ಗಂಟೆ ಹೋಯಿತು. ಉಳಿದಿದ್ದು 147.5.

ಮೌನಿ ಮೇಷ್ಟ್ರು
ನಾನು ಇಂಥ ಪ್ರಾಜೆಕ್ಟ್‌ಗಳಿಗೆ ಮಾರ್ಕ್ಸ್ ಹಾಕುವ ಕಡೆಯವನು. ಒಂದು ಮಾತು. ಇಲ್ಲಿ ಎಲ್ಲರೂ ಕೋಡ್ ಬಗ್ಗೆಯೇ ಹೇಳುತ್ತಿದ್ದೀರಿ. ಮೊದಲು ನಿಮ್ಮ ಮಾರ್ಕ್ಸ್ ಹಂಚಿಕೆ ತೆಗೆದು ನೋಡಿ. ಏನು ಬೇಕು ಅನ್ನುವ ದಾಖಲೆಗೆ, ಡಿಸೈನ್ ಚಿತ್ರಗಳಿಗೆ, ಟೆಸ್ಟ್ ವರದಿಗೆ ಎಷ್ಟೆಷ್ಟು ಇದೆ ನೋಡಿ. ಎಷ್ಟೋ ಕಡೆ ಓಡುವ ಪ್ರೋಗ್ರಾಮ್‌ಗಿಂತ ಇವಕ್ಕೇ ಜಾಸ್ತಿ ಇರುತ್ತದೆ. 2 ವಾರ ಕೂತು ಏನು ಬೇಕು ಅಂತ ಬರೆಯುವುದರಲ್ಲಿ ತಪ್ಪೇನಿಲ್ಲ. ಹಂತ ಹಂತವಾಗಿ ಹೋಗುವ ವಾಟರ್‌ಫಾಲ್ ಪದ್ಧತಿಯನ್ನು ಸುಮ್ನೆ ಬೈಯುವುದು ಈಗ ಫ್ಯಾಷನ್ ಆಗಿದೆ.

ಹಳೇ ಕೋಡು
ಮೇಷ್ಟ್ರೇ, ಬೈದವರಲ್ಲಿ ಮೊದಲಿಗರು ಆ ಚಿತ್ರ ಬರೆದವರೇ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಚಿತ್ರ ಇದೆ. ಅದಾದ ತಕ್ಷಣ ಅವರೇ "ಇದನ್ನು ಹೀಗೇ ಮಾಡಿದರೆ ಅಪಾಯ" ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಟೆಸ್ಟಿಂಗ್ ಕೊನೆಗೆ ಬರುವುದೇ ತೊಂದರೆ ಅಂತ ಕಾರಣವನ್ನೂ ಕೊಟ್ಟಿದ್ದಾರೆ. ವಾಟರ್‌ಫಾಲ್ ಅನ್ನುವ ಪದವಂತೂ ಆ ಪ್ರಬಂಧದಲ್ಲಿ ಇಲ್ಲವೇ ಇಲ್ಲ. ಜನ ಚಿತ್ರ ನೋಡಿದರು, ಮುಂದೆ ಓದಲಿಲ್ಲ.

ಮೌನಿ ಮೇಷ್ಟ್ರು
ಓದಿದ್ದೇನೆ. ಅದೇ ಪ್ರಬಂಧದಲ್ಲಿ ದಾಖಲೆ ಚೆನ್ನಾಗಿ ಬರೆಯಿರಿ ಅಂತ ಒತ್ತಿ ಒತ್ತಿ ಹೇಳಿದ್ದಾರೆ. ಆ ಭಾಗವನ್ನು ನೀವು ಬಿಟ್ಟಿರಿ!

ಹಳೇ ಕೋಡು
ಹ್ಹ ಹ್ಹ, ಒಪ್ಪಿದೆ. ಒಂದೊಂದು ಅಂಕ ಇಬ್ಬರಿಗೂ.

ಕೀಲಿಕೈ
ವಾಟರ್‌ಫಾಲ್ ಇರಲಿ, ಸಣ್ಣ ಸಣ್ಣ ಸುತ್ತಿನಲ್ಲಿ ಮಾಡುವ ಅಜೈಲ್ ಇರಲಿ. ನಿಮ್ಮ ಪ್ರಾಜೆಕ್ಟಿನ ಹೊಟ್ಟೆಯಲ್ಲಿರುವ ನಿಜವಾದ ಕಷ್ಟವನ್ನೇ ಯಾರೂ ಮುಟ್ಟಿಲ್ಲ. ಒಂದೇ ಕ್ಯಾಮೆರಾವನ್ನು ಒಂದೇ ಹೊತ್ತಿಗೆ ಇಬ್ಬರು ಬುಕ್ ಮಾಡಿದರೆ?

ಎರಡು ಬುಕಿಂಗ್ ಒಂದರ ಮೇಲೊಂದು ಬೀಳುತ್ತಾ ಅಂತ ನೋಡಲು ಹುಡುಗರು ನಾಲ್ಕೈದು ಇಫ್ ಬರೆಯುತ್ತಾರೆ. ಶುರು ಒಳಗಿದ್ದರೆ, ಕೊನೆ ಒಳಗಿದ್ದರೆ, ಪೂರ್ತಿ ಒಳಗಿದ್ದರೆ ಅಂತ. ಒಂದು ಪಕ್ಕಾ ಬಿಟ್ಟುಹೋಗುತ್ತೆ. ಬೇಕಾಗಿರೋದು ಎರಡೇ ಹೋಲಿಕೆ. ಹೊಸದರ ಶುರು ಹಳೆಯದರ ಕೊನೆಗಿಂತ ಮುಂಚೆ ಇದ್ದು, ಹೊಸದರ ಕೊನೆ ಹಳೆಯದರ ಶುರುವಿಗಿಂತ ಆಮೇಲೆ ಇದ್ದರೆ ಡಿಕ್ಕಿ. ಅಷ್ಟೇ. "ಸಮ" ಅನ್ನುವ ಚಿಹ್ನೆ ಸೇರಿಸಬೇಡಿ. ಸೇರಿಸಿದರೆ 10 ಗಂಟೆಗೆ ಒಬ್ಬ ವಾಪಸ್ ಕೊಟ್ಟು 10ಕ್ಕೇ ಇನ್ನೊಬ್ಬಳು ತೆಗೆದುಕೊಳ್ಳಲು ಆಗಲ್ಲ.

ಇನ್ನೊಂದು. "ಖಾಲಿ ಇದೆಯಾ" ಅಂತ ನೋಡಿ, ಆಮೇಲೆ "ಸೇರಿಸು" ಅಂತ ಬರೆದರೆ, ಆ ಎರಡರ ನಡುವಿನ ಸಂದಿಯಲ್ಲಿ ಇನ್ನೊಬ್ಬರು ನುಗ್ಗುತ್ತಾರೆ. ಎರಡೂ ಒಂದೇ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕಟ್ಟು) ಒಳಗಿರಬೇಕು. ಆದರೆ ಬರೀ ಟ್ರಾನ್ಸಾಕ್ಷನ್ ಅಂತ ಬರೆದರೆ ಸಾಲದು, ಇಬ್ಬರೂ ಒಟ್ಟಿಗೆ "ಖಾಲಿ" ಅಂತ ಓದಿಕೊಳ್ಳದ ಹಾಗೆ ಲಾಕ್ ಬೇಕು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇದಕ್ಕೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಅಂತಲೇ ಇದೆ, ಡಿಕ್ಕಿ ಆಗುವ ಸಾಲನ್ನು ಡೇಟಾಬೇಸೇ ಒಳಗೆ ಬಿಡಲ್ಲ.

ಅರ್ಧವಿರಾಮ
ಡೇಟಾಬೇಸ್ ನನ್ನ ಪಾಲು. ಇದು ನನ್ನ ತಲೆಗೇ ಬಂದಿರಲಿಲ್ಲ. ಎಸ್‌ಕ್ಯುಲೈಟ್ ಸಾಕಾ, ಪೋಸ್ಟ್‌ಗ್ರೆಸ್ ಬೇಕಾ?

ಕೀಲಿಕೈ
ಎಸ್‌ಕ್ಯುಲೈಟ್ ಸಾಕು. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು ಅನ್ನೋದು ಅದರ ಮಿತಿ, ನಿಮಗೆ ಅದೇ ವರ. ಇಡೀ ಡೇಟಾಬೇಸ್ ಒಂದೇ ಫೈಲ್. ಟ್ರಾನ್ಸಾಕ್ಷನ್‌ ಅನ್ನು ಮಾತ್ರ "ಬಿಗಿನ್ ಇಮ್ಮೀಡಿಯೇಟ್" ಅಂತ ಶುರು ಮಾಡಿ, ಓದುವ ಮುಂಚೆಯೇ ಬರೆಯುವ ಹಕ್ಕು ಸಿಗುತ್ತೆ. ಆದರೆ ಆ ಫೈಲನ್ನು ಗಿಟ್‌ಗೆ ಹಾಕಬೇಡಿ ಮಾರಾಯ್ರೇ. ಟೇಬಲ್ ಮಾಡುವ ಸ್ಕ್ರಿಪ್ಟ್ ಹಾಕಿ.

ಗೋಡೆಗಡಿಯಾರ
ಪ್ರತಿ ಭಾಗವೂ ಬೇರೆ ಬೇರೆ ಸರ್ವೀಸ್ (ತಾನೇ ಓಡುವ ಪುಟ್ಟ ಪ್ರೋಗ್ರಾಮ್) ಆಗಿ ಮಾಡಿದರೆ ಹೇಗೆ? ಬುಕಿಂಗ್ ಸರ್ವೀಸ್, ಯೂಸರ್ ಸರ್ವೀಸ್, ನೋಟಿಫಿಕೇಷನ್ ಸರ್ವೀಸ್. ರೆಸ್ಯೂಮೆಗೂ ಚೆನ್ನಾಗಿರುತ್ತೆ.

ಬಗ್ಗುಬಡಿ
ಹೌದು ಹೌದು. 1 ಕ್ಯಾಮೆರಾಕ್ಕೆ 3 ಸರ್ವೀಸ್, 5 ಜನಕ್ಕೆ 5 ರೆಪೊ (ಗಿಟ್‌ನಲ್ಲಿ ಕೋಡ್ ಇಡುವ ಜಾಗ).

ಶೂನ್ಯದಿಂದ ಎಣಿಕೆ
@ಗೋಡೆಗಡಿಯಾರ 150 ಗಂಟೆಯಲ್ಲಿ? ಆ 3 ಸರ್ವೀಸ್ ಒಂದಕ್ಕೊಂದು ಮಾತಾಡುವ ಹಾಗೆ ಮಾಡುವುದರಲ್ಲೇ 100 ಹೋಗುತ್ತೆ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದಾರೆ, ಗುಂಪಿನ ಒಳಗೆ ಮಾತುಕತೆ ಹೇಗಿದೆಯೋ ಅದು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತೆ ಅಂತ. ಇವರ ಗ್ರೂಪಿನಲ್ಲಿ ಯಾರೂ ಮಾತೇ ಆಡ್ತಿಲ್ಲ, ಸರ್ವೀಸ್‌ಗಳು ಆಡ್ತವಾ?

ಗೋಡೆಗಡಿಯಾರ
ಸುಮ್ನೆ ಕೇಳಿದೆ ಅಷ್ಟೇ ಗುರು.

ಹೊಸ ಸಾಲು
ಪ್ರಾಜೆಕ್ಟಿಗೆ ಹೆಸರೇನು ಇಟ್ಟಿದ್ದೀರಿ?

ಅರ್ಧವಿರಾಮ
ಅಯ್ಯೋ, ಅದನ್ನು ಕೇಳಬೇಡಿ. ವಿಷಯ ಆರಿಸಲು 1 ವಾರ ಹೋಯಿತು ಅಂದೆನಲ್ಲ, ಅದರಲ್ಲಿ 3 ದಿನ ಹೆಸರಿಗೇ. ಲೋಗೋ ಕೂಡ ರೆಡಿ ಇದೆ, ಎರಡು ಬಣ್ಣದಲ್ಲಿ.

ಕೀಲಿಕೈ
ಕೂಸು ಹುಟ್ಟುವ ಮುಂಚೆ ಕುಲಾವಿ. ಅದೂ ಎರಡು.

ಕೊನೆ ಬೆಂಚು
ಆ ಐದನೆಯವನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ, ಯಾಕೆಂದರೆ ನಾನೇ ಅವನಾಗಿದ್ದೆ.

"ಡಾಕ್ಯುಮೆಂಟ್ ನಾನು ನೋಡ್ಕೋತೀನಿ" ಅಂದರೆ ಸೋಮಾರಿ ಅಂತ ಅಂದುಕೊಳ್ಳುತ್ತಾರೆ. ನನಗಿದ್ದದ್ದು ಭಯ. ಟೀಮಿನಲ್ಲಿ ಮಿಕ್ಕವರು ಮಾತಾಡುವ ಅರ್ಧ ಪದ ಅರ್ಥ ಆಗುತ್ತಿರಲಿಲ್ಲ. ಕೇಳಿದರೆ ನಗುತ್ತಾರೆ ಅಂತ ಕೇಳಲಿಲ್ಲ. ಮೂರನೇ ವಾರದ ಹೊತ್ತಿಗೆ ಕೇಳುವ ಕಾಲವೇ ಮೀರಿತ್ತು. ಮೂರು ವಾರ ತಲೆ ಆಡಿಸಿದವನು ಈಗ "ಬ್ರಾಂಚ್ ಅಂದರೇನು" ಅಂತ ಹೇಗೆ ಕೇಳೋದು? (ಗಿಟ್‌ನಲ್ಲಿ ಕೋಡಿನ ಒಂದು ಬೇರೆ ಕವಲು, ಅಷ್ಟೇ.)

ಟೀಮಿನ ಒಬ್ಬಳು ಒಂದು ದಿನ ಪಕ್ಕಕ್ಕೆ ಕರೆದು ಒಂದು ಕೆಲಸ ಕೊಟ್ಟಳು. ಫಾರಂನಲ್ಲಿ ವಾಪಸ್ ಕೊಡುವ ತಾರೀಖು, ತೆಗೆದುಕೊಳ್ಳುವ ತಾರೀಖಿಗಿಂತ ಹಿಂದೆ ಇದ್ದರೆ ಕೆಂಪು ಅಕ್ಷರದಲ್ಲಿ ಒಂದು ಸಾಲು ತೋರಿಸಬೇಕು. ಅಷ್ಟೇ. ಬಲ್ಲವರಿಗೆ 10 ನಿಮಿಷದ ಕೆಲಸ. ನನಗೆ 4 ದಿನ ಹಿಡಿಯಿತು. ಎರಡು ತಾರೀಖನ್ನೂ ಅಕ್ಷರ ಅಂತ ಹೋಲಿಸುತ್ತಿದ್ದೆ, ಹಾಗಾಗಿ 9ನೇ ತಾರೀಖು 10ಕ್ಕಿಂತ ದೊಡ್ಡದು ಅಂತ ತೋರಿಸುತ್ತಿತ್ತು. ಅವಳು ತಾನೇ ಸರಿ ಮಾಡಿಬಿಡಬಹುದಿತ್ತು. ಮಾಡಲಿಲ್ಲ. "ಎರಡನ್ನೂ ಪ್ರಿಂಟ್ ಮಾಡಿ ನೋಡು" ಅಂತ ಮಾತ್ರ ಅಂದಳು. ಆ ಕೆಂಪು ಸಾಲು ಬಂದ ರಾತ್ರಿ ನಾನು ಅದನ್ನು ಸುಮ್ನೆ 30 ಸಲ ಬರಿಸಿ ನೋಡಿದ್ದೇನೆ.

ಅವನಿಗೂ ಡಾಕ್ಯುಮೆಂಟ್ ಜೊತೆ ಒಂದು ಅಂಥ ಕೆಲಸ ಕೊಡಿ. ಮೊದಲ ವಾರವೇ ಕೊಡಿ.

ಹೊಸ ಸಾಲು
ಇದನ್ನು ಓದಿ ಮನಸ್ಸಿಗೆ ತಟ್ಟಿತು.

ನಡುರಾತ್ರಿ ಕಮಿಟ್
ಚೆನ್ನಾಗಿದೆ, ಆದರೆ ನಿಜವಾದ ಸೋಮಾರಿಗಳೂ ಇರುತ್ತಾರೆ. ಅವರಿಗೆ ಏನು ಮಾಡೋದು? ಗಿಟ್ ಲಾಗ್ ತೆಗೆದು ಯಾರದು ಎಷ್ಟು ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಅಂತ ಗೈಡ್‌ಗೆ ತೋರಿಸಿ. ಲೆಕ್ಕ ಸುಳ್ಳು ಹೇಳಲ್ಲ.

ಬಗ್ಗುಬಡಿ
ಹೇಳುತ್ತೆ. ನಮ್ಮಲ್ಲಿ ಒಬ್ಬ ಅಲ್ಪವಿರಾಮ ಹಾಕಿ ಒಂದು ಕಮಿಟ್, ತೆಗೆದು ಇನ್ನೊಂದು ಕಮಿಟ್ ಮಾಡುತ್ತಿದ್ದ. ಲೆಕ್ಕದಲ್ಲಿ ಅವನೇ ಫಸ್ಟ್.

ಮೌನಿ ಮೇಷ್ಟ್ರು
ಕಮಿಟ್ ಸಂಖ್ಯೆಯನ್ನು ನಾನು ನೋಡುವುದಿಲ್ಲ. ಇಬ್ಬರು ಕೂತು ಒಂದೇ ಕಂಪ್ಯೂಟರ್‌ನಲ್ಲಿ ಬರೆದರೆ ಒಬ್ಬರ ಹೆಸರಷ್ಟೇ ಬೀಳುತ್ತದೆ. ಅಂಥವರು ಕಮಿಟ್ ಸಂದೇಶದ ಕೊನೆಗೆ "ಕೋ-ಆಥರ್ಡ್-ಬೈ" ಅಂತ ಇನ್ನೊಬ್ಬರ ಹೆಸರು, ಇಮೇಲ್ ಹಾಕಿ, ಗಿಟ್ ರೆಪೊ ಇಡುವ ತಾಣ ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತದೆ. ನಾನು ಮಾಡುವುದು ಇಷ್ಟೇ: ಕೋಡಿನ ಒಂದು ಭಾಗ ತೆರೆದು "ಈ ಸಾಲು ತೆಗೆದರೆ ಏನಾಗುತ್ತದೆ?" ಅಂತ ಕೇಳುತ್ತೇನೆ. ಬರೆದವರು ಹೇಳುತ್ತಾರೆ. ಬರೆಯದವರು ಸೀಲಿಂಗ್ ನೋಡುತ್ತಾರೆ.

ಗೋಡೆಗಡಿಯಾರ
ಎಐ ಹತ್ತಿರ ಬರೆಸಿದವರು?

ಮೌನಿ ಮೇಷ್ಟ್ರು
ಅವರೂ ಸೀಲಿಂಗ್ ನೋಡುತ್ತಾರೆ, ಆದರೆ ತುಂಬಾ ಆತ್ಮವಿಶ್ವಾಸದಿಂದ.

ನಡುರಾತ್ರಿ ಕಮಿಟ್
ಎಐ ಬೇಡ ಅಂತೀರಾ? ಎಲ್ಲರೂ ಬಳಸ್ತಾರೆ.

ಮೌನಿ ಮೇಷ್ಟ್ರು
ಬೇಡ ಅಂದೆನಾ? ನಿಮ್ಮ ಕೋರ್ಸಿನ ನಿಯಮ ಏನಿದೆ ಅದನ್ನು ಪಾಲಿಸಿ. ಬಳಸಲು ಬಿಟ್ಟಿದ್ದರೆ ಬಳಸಿ. ಸೇರಿಸುವ ಮುಂಚೆ ಟೀಮಿನ ಇನ್ನೊಬ್ಬರಿಗೆ ಆ ಕೋಡನ್ನು ಬಾಯಲ್ಲಿ ಹೇಳಿ ತೋರಿಸಿ.

ಶೂನ್ಯದಿಂದ ಎಣಿಕೆ
ಕೊನೆ ಗಳಿಗೆಯಲ್ಲಿ ಬೇರೆ ಟೀಮಿನ ಗೆಳೆಯನನ್ನು ಕರೆಸುವ ಐಡಿಯಾ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಫ್ರೆಡ್ ಬ್ರೂಕ್ಸ್ ಐಬಿಎಂನಲ್ಲಿ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಮ್ ಮಾಡಿಸಿ, 1975ರಲ್ಲಿ ಬರೆದಿದ್ದು ಇದನ್ನೇ: ತಡವಾಗಿರುವ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತೆ. 5 ಜನ ಇದ್ದರೆ ಇಬ್ಬಿಬ್ಬರ ಜೋಡಿ 10. ಒಬ್ಬ ಬಂದರೆ 15. ಬಂದವನಿಗೆ ಎಲ್ಲ ವಿವರಿಸಬೇಕಾಗಿರೋದು ಕೆಲಸ ಬಾಕಿ ಇರುವವರೇ.

ಹಳೇ ಕೋಡು
ಹೊರಗಿನ ಸರ್ವರ್‌ಗೆ ಮೊದಲೇ ಹಾಕಿ ಅಂದೆನಲ್ಲ, ಯಾಕೆ ಅಂತ ಹೇಳಿರಲಿಲ್ಲ. ನಮ್ಮದು ವಿಂಡೋಸ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ಸರ್ವರ್‌ಗೆ ಹಾಕಿದ ಕೂಡಲೇ "ಫೈಲ್ ಸಿಗಲಿಲ್ಲ". ಫೈಲ್ ಕಣ್ಣೆದುರೇ ಇದೆ! ರಾತ್ರಿ 2 ಗಂಟೆಗೆ ಗೊತ್ತಾಯಿತು, ಫೈಲ್ ಹೆಸರಿನ ಮೊದಲ ಅಕ್ಷರ ದೊಡ್ಡದು, ಕೋಡಿನಲ್ಲಿ ಚಿಕ್ಕದಾಗಿ ಬರೆದಿದ್ದೆವು. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಬೆಳಗ್ಗೆ 9ಕ್ಕೆ ಡೆಮೊ.

ಹೊಸ ಸಾಲು
ಹಳೇ ವಿಡಿಯೋ ನೋಡಿ ಪ್ಲಾನ್ ಮಾಡುವವರಿಗೂ ಒಂದು ಮಾತು. ನಾನು ನೋಡಿದ ಪಾಠದಲ್ಲಿ "ಹೆರೋಕುನಲ್ಲಿ ಫ್ರೀ" ಅಂತ ಇತ್ತು, ಹೆರೋಕು ಅಂದರೆ ನಮ್ಮ ಪ್ರೋಗ್ರಾಮ್ ಓಡಿಸಿಕೊಡುವ ಹೊರಗಿನ ಸರ್ವರ್ ಸೇವೆ. ಆ ಫ್ರೀ ಸೌಲಭ್ಯ 2022ರ ನವೆಂಬರ್‌ನಲ್ಲೇ ನಿಂತಿದೆ. ಗಿಟ್‌ಹಬ್‌ಗೆ ಪಾಸ್‌ವರ್ಡ್ ಕೊಟ್ಟು ಕೋಡ್ ಪುಶ್ ಮಾಡುವುದು (ಕಳಿಸುವುದು) 2021ರ ಆಗಸ್ಟ್‌ನಲ್ಲೇ ನಿಂತಿದೆ, ಈಗ ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಬೇಕು. ಒಂದು ದಿನ ಪೂರ್ತಿ ನನ್ನ ಪಾಸ್‌ವರ್ಡೇ ತಪ್ಪು ಅಂದುಕೊಂಡು ಬದಲಾಯಿಸುತ್ತಾ ಕೂತಿದ್ದೆ.

ಕೀಲಿಕೈ
ಕೀ ಅಂದಾಗ ನೆನಪಾಯಿತು. ಪಾಸ್‌ವರ್ಡ್, ಎಪಿಐ ಕೀ ಇರುವ ಫೈಲ್ ಗಿಟ್‌ಗೆ ಹೋದರೆ, ಆಮೇಲೆ ಡಿಲೀಟ್ ಮಾಡಿದರೂ ಹಳೇ ಕಮಿಟ್‌ನಲ್ಲಿ ಹಾಗೇ ಇರುತ್ತೆ. ಡಿಲೀಟ್ ಮಾಡಿ ನಿಟ್ಟುಸಿರು ಬಿಡಬೇಡಿ, ಆ ಕೀಯನ್ನೇ ರದ್ದು ಮಾಡಿ ಹೊಸದು ಮಾಡಿಕೊಳ್ಳಿ. ಏನನ್ನು ಗಿಟ್‌ಗೆ ಹಾಕಬಾರದು ಅಂತ ಬರೆಯುವ ಗಿಟ್‌ಇಗ್ನೋರ್ ಫೈಲ್ ಮೊದಲ ಕಮಿಟ್‌ನಲ್ಲೇ ಇರಲಿ.

ಬಗ್ಗುಬಡಿ
ಅದರೊಳಗೆ ನೋಡ್-ಮಾಡ್ಯೂಲ್ಸ್ (ಬೇರೆಯವರು ಬರೆದ ಕೋಡ್ ತಂದಿಡುವ) ಫೋಲ್ಡರ್ ಹೆಸರು ಮರೆಯಬೇಡಿ. ಒಮ್ಮೆ ನಮ್ಮವನೊಬ್ಬ ಅದನ್ನು ಪುಶ್ ಮಾಡಿದ. ರಿವ್ಯೂ ಮಾಡಲು ತೆರೆದರೆ ಸಾವಿರಾರು ಫೈಲ್. "ಇಷ್ಟೊಂದು ಕೋಡ್ ಬರೆದೆಯಾ!" ಅಂತ ಇನ್ನೊಬ್ಬ ನಿಜವಾಗಿ ಮೆಚ್ಚಿಕೊಂಡ.

ಗೋಡೆಗಡಿಯಾರ
ಮುಖ್ಯ ಬ್ರಾಂಚ್ ಹೆಸರು ಮೇನ್ ಇರಬೇಕಾ ಮಾಸ್ಟರ್ ಇರಬೇಕಾ?

ಕೀಲಿಕೈ
ಇದೊಂದು ಬಾಕಿ ಇತ್ತು.

ಹಳೇ ಕೋಡು
ಏನಾದರೂ ಇರಲಿ, ಒಂದೇ ಇರಲಿ. ಗಿಟ್‌ಹಬ್‌ನಲ್ಲಿ ಹೊಸ ರೆಪೊ ಮಾಡಿದರೆ 2020ರ ಅಕ್ಟೋಬರ್‌ನಿಂದ ಮೇನ್ ಅಂತ ಬರುತ್ತದೆ. ಲ್ಯಾಪ್‌ಟಾಪ್‌ನ ಗಿಟ್ ಮಾಸ್ಟರ್ ಅಂತ ಮಾಡಿರಬಹುದು. ಒಬ್ಬರು ರೆಪೊ ಮಾಡಿ, ಮಿಕ್ಕ 4 ಜನ ಅದನ್ನು ಕ್ಲೋನ್ (ನಕಲು) ಮಾಡಿಕೊಳ್ಳಿ. 5 ಜನ 5 ಕಡೆ ಶುರು ಮಾಡಿ ಆಮೇಲೆ ಸೇರಿಸಲು ಹೋಗಬೇಡಿ.

ಅರ್ಧವಿರಾಮ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೀಟಿಂಗ್ ಆಯಿತು. ಗಡಿಯಾರ ಇಟ್ಟುಕೊಂಡು 40 ನಿಮಿಷಕ್ಕೆ ಮುಗಿಸಿದೆವು. 15 ಸ್ಕ್ರೀನ್‌ನಲ್ಲಿ 6 ಉಳಿದಿವೆ: ಪಟ್ಟಿ, ಬುಕಿಂಗ್, ನನ್ನ ಬುಕಿಂಗ್‌ಗಳು, ವಾಪಸ್, ತಡವಾದವರು, ಲಾಗಿನ್. ಲಾಗಿನ್ ಕೊನೆಗೆ. ಇದಕ್ಕೇ ಜಾಸ್ತಿ ಜಗಳ ಆಗಿದ್ದು. ಒಬ್ಬನಿಗೆ ಲಾಗಿನ್ ಇಲ್ಲದೆ ಶುರು ಮಾಡೋದೇ ಪಾಪ ಅನ್ನಿಸುತ್ತೆ. ಈಗ ಟೆಸ್ಟ್ ಮಾಡಲು ಅಂತ ಮೂರು ಸುಳ್ಳು ಹೆಸರು ಕೋಡಿನಲ್ಲೇ ಇಟ್ಟು ಮುಂದೆ ಹೋಗ್ತೀವಿ ಅಂತ ಒಪ್ಪಿಸಿದ್ದಾಯಿತು.

ಟೆಸ್ಟಿಂಗ್ ಹುಡುಗಿ "ಕೊನೆ 2 ವಾರದವರೆಗೆ ನಾನು ಏನು ಮಾಡಲಿ?" ಅಂತ ಕೇಳಿದಳು. ನನ್ನ ಹಳೇ ಪ್ಲಾನ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಈಗ ಅವಳು ಮೊದಲ ದಿನದಿಂದಲೇ ಬುಕಿಂಗ್ ತುಂಡಿನಲ್ಲಿ ಇದ್ದಾಳೆ. ಕೀಲಿಕೈ ಹೇಳಿದ ಡಿಕ್ಕಿಗೆ 7 ಟೆಸ್ಟ್ ಬರೆದಳು, ನಾನು ಕೋಡ್ ಬರೆಯುವ ಮುಂಚೆಯೇ. ನನ್ನ ಮೊದಲ ಕೋಡ್‌ಗೆ 7ರಲ್ಲಿ 5 ಪಾಸ್. ಆ 10 ಗಂಟೆಯದು ಫೇಲ್. "ಸಮ" ಹಾಕಬೇಡಿ ಅಂತ ಇಲ್ಲಿ ಓದಿಯೂ ಹಾಕಿದ್ದೆ.

ಕೀಲಿಕೈ
ಇನ್ನೊಂದು ಯಾವುದು ಫೇಲ್?

ಅರ್ಧವಿರಾಮ
ಒಂದೇ ಹೊತ್ತಿಗೆ ಇಬ್ಬರು. ಇಬ್ಬರಿಗೂ ಕ್ಯಾಮೆರಾ ಸಿಕ್ಕಿತು. ಖುಷಿಯಾಗಿದ್ದರು.

ಕೊನೆ ಬೆಂಚು
ಐದನೆಯವನು ಏನಂದ?

ಅರ್ಧವಿರಾಮ
ಲ್ಯಾಬ್‌ಗೆ ಹೋಗಿ ಆ ರಿಜಿಸ್ಟರ್ ಕೂತು ಓದಿಕೊಂಡು ಬಂದ. ನಾವು ಯಾರೂ ಅದನ್ನು ತೆರೆದೇ ನೋಡಿರಲಿಲ್ಲ. ಸೆನ್ಸರ್ ಕಿಟ್‌ಗಳನ್ನು ಯಾರೂ ಪೂರ್ತಿ ವಾಪಸ್ ಕೊಡಲ್ಲವಂತೆ, ಒಂದೆರಡು ತಂತಿ ಯಾವಾಗಲೂ ಕಡಿಮೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ. ನಮ್ಮ ಟೇಬಲ್‌ನಲ್ಲಿ "ಬಂತು" ಅಥವಾ "ಬಂದಿಲ್ಲ" ಎರಡೇ ಇತ್ತು. ಈಗ "ಅರ್ಧ ಬಂತು" ಅಂತ ಒಂದು ಸೇರಿಸಬೇಕು. ಆ ಕೆಲಸ ಅವನೇ ತೆಗೆದುಕೊಂಡಿದ್ದಾನೆ. ನಿನ್ನೆ ರಾತ್ರಿ ಬ್ರಾಂಚ್ ಅಂದರೇನು ಅಂತ ಕೇಳಿದ.

ಕೊನೆ ಬೆಂಚು
ಕೇಳಿದನಾ! ಸರಿ ಹಾಗಾದರೆ.

ಬಗ್ಗುಬಡಿ
ಆ ಎರಡು ಬಣ್ಣದ ಲೋಗೋ ಏನಾಯಿತು?

ಅರ್ಧವಿರಾಮ
ಅದಕ್ಕೆ ಮೂರನೇ ಬಣ್ಣ ಬಂದಿದೆ. ತಡೆಯಲು ಆಗಲಿಲ್ಲ.